ಹಗ್ಗಕ್ಕೆ ಕೈ ಹಚ್ಚಿದವರ ಪಾಲು

ಗುರುವಾರ ಮಧ್ಯಾಹ್ನದ ಹೊತ್ತಿಗೆ ನಮ್ಮ ಕನ್ನಡಕದ ಅಂಗಡಿಯಲ್ಲಿ ಭಾರತ ರಗ್ಬಿ ತಂಡವನ್ನು ಮೂರನೇ ಸಲ ಆರಿಸಿ ಆಗಿತ್ತು.

"ಹನ್ನೆರಡು ಜನರ ಪಟ್ಟೀಲಿ ನಮ್ಮ ಸಂಕೇತ ಇಲ್ಲ ಅಂದ್ರೆ ಅದು ಟೀಮೇ ಅಲ್ಲ" ಎನ್ನುತ್ತ ಮಂಗೇಶಣ್ಣ ಕೌಂಟರಿನ ಗಾಜಿನ ಮೇಲೆ ಏಳು ಕನ್ನಡಕದ ಡಬ್ಬಿಗಳನ್ನು ಮೈದಾನಕ್ಕಿಳಿಯುವ ಏಳು ಆಟಗಾರರೆಂದು ಸಾಲಾಗಿ ಇಟ್ಟ. ಅಂಗಡಿ ಅವನದು. ಕಾರವಾರದಲ್ಲಿ ರಗ್ಬಿ ಅಂದರೆ ಏನೆಂದು ತಿಳಿದಿರುವ ನಲವತ್ತು ಜನರ ಪೈಕಿ ತಾನೇ ಮೊದಲನೆಯವನು ಎಂಬ ಹೆಮ್ಮೆಯೂ ಅವನದೇ. "ಮುಂದೆ ನಿಂತು ತಳ್ಳೂಕೆ ಯಾರಿದ್ದಾರೆ ಹೇಳು? ಈ ಹೊಸಾ ಹುಡುಗನಾ? ಇವ್ನಿಗೆ ಟ್ಯಾಕಲ್ ಮಾಡೂಕೆ ಬರ್ತದಾ?"

"ಎಲ್ಲಾ ರಾಜಕೀಯ ಮಾರಾಯ" ಎಂದ ಆಟೋ ಓಡಿಸುವ ಹರೀಶ. ಬಾಡಿಗೆ ಬಂದರೂ ಬೆಂಚು ಬಿಟ್ಟು ಏಳದವ. "ಆ ಫಾರಿನ್ ಕೋಚಿಗೆ ಕಾರವಾರ ಮ್ಯಾಪಿನಲ್ಲಿ ಎಲ್ಲಿದೆ ಅಂತ್ಲೂ ಗೊತ್ತಿಲ್ಲ."

"ಕೋಚಿಂದು ತಪ್ಪಿಲ್ಲವೋ. ಅವ್ನ ಕಿವಿ ಊದಿದವ್ರು ಬೇರೆ. ನಮ್ಮ ಕಿಶನ ಸರ್ರೇ ಟೀಮಿನ ಕ್ಯಾಂಪಿಗೆ ಫೋನ್ ಮಾಡಿದ್ದಂತೆ, ಸಂಕೇತನ ತಲೆ ಸರಿ ಇಲ್ಲ ಅಂತ" ಎಂದ ಮಂಗೇಶಣ್ಣ.

ಕಿಶನ ಸರ್ ನೇವಿಯಿಂದ ರಿಟೈರ್ ಆದವರು. ಕಾರವಾರದ ಬೀಚಿನ ಮರಳಿನಲ್ಲಿ ಮೀನುಗಾರರ ಹುಡುಗರಿಗೆ ಆ ಮೊಟ್ಟೆಯಾಕಾರದ ಚೆಂಡು ಹಿಡಿಯುವುದನ್ನು ಕಲಿಸಿದವರು ಅವರೇ. ಈಗ ಅದೇ ಹುಡುಗರು ಅವರನ್ನು ಕಂಡರೆ ಮುಖ ತಿರುಗಿಸುತ್ತಿದ್ದರು.

"ರೂಪಾ, ನೀ ಎಂತ ಹೇಳ್ತಿ?" ಮಂಗೇಶಣ್ಣ ನನ್ನತ್ತ ನೋಡಿದ. "ದಿನಾ ನಮ್ಮ ಬಾಯಿ ಮುಚ್ಚಿಸೂ ಹುಡುಗಿ, ಇವತ್ತು ನಿಂದೇ ಮುಚ್ಚಿದ್ಯಲ್ಲೆ?"

"ಭಾನುವಾರ ಮ್ಯಾಚ್ ಅದೆಯಲ್ಲ, ನೋಡ್ವ" ಎಂದೆ. ಒಂದೇ ಗಾಜನ್ನು ಹತ್ತು ನಿಮಿಷದಿಂದ ಒರೆಸುತ್ತಿದ್ದೆ.

ಸಂಕೇತನ ಹೆಸರು ಪಟ್ಟಿಯಿಂದ ಹೊಡೆದು ಹಾಕಿಸಿದ್ದು ಕೋಚ್ ಅಲ್ಲ, ಕಿಶನ ಸರ್ ಕೂಡ ಅಲ್ಲ. ನಾನು. ಅವನನ್ನು ಜೀವಕ್ಕಿಂತ ಹೆಚ್ಚು ಪ್ರೀತಿಸುವ ಈ ನಾನು.

ಮೊದಲಿಂದ ಹೇಳುತ್ತೇನೆ.

ನಾನು ಅಂಕೋಲಾ ಕಡೆಯ ಶೆಟಗೇರಿಯವಳು, ಗದ್ದೆ ಮನೆಯ ಹುಡುಗಿ. ಕಣ್ಣು ತಪಾಸಣೆಯ ಕೋರ್ಸ್ ಮುಗಿಸಿ, ದಿನಾ ಬಸ್ಸು ಹತ್ತಿ ಕಾರವಾರಕ್ಕೆ ಬಂದು, ಮಂಗೇಶಣ್ಣನ ಅಂಗಡಿಯಲ್ಲಿ ಜನರಿಗೆ ಅಕ್ಷರ ಓದಿಸುತ್ತೇನೆ. ಎರಡು ವರ್ಷದ ಹಿಂದೆ, ನವೆಂಬರಿನಲ್ಲಿ, ಒಂದು ದಿನ ಬಸ್ಸು ಬೇಗ ಬಂದುಬಿಟ್ಟಿತು. ಅಂಗಡಿ ತೆರೆಯಲು ಇನ್ನೂ ಹೊತ್ತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ಬೀಚಿಗೆ ಇಳಿದೆ.

ಅಲ್ಲಿ ಯೆಂಡಿ ಬಲೆ ಎಳೆಯುತ್ತಿದ್ದರು. ಬಲೆ ಸಮುದ್ರದಲ್ಲಿ, ಹಗ್ಗದ ಎರಡು ತುದಿ ದಡದಲ್ಲಿ, ಒಂದೊಂದು ತುದಿಗೆ ಹದಿನೈದು ಇಪ್ಪತ್ತು ಜನ. ನಾನು ಹಗ್ಗ ದಾಟುವುದೋ ಬೇಡವೋ ಎಂದು ನಡುವೆ ನಿಂತುಬಿಟ್ಟೆ.

"ಏ ಬಾಯ, ಒಂದೋ ಕೈ ಹಚ್ಚು, ಇಲ್ಲಾ ದಾರಿ ಬಿಡು!"

ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಜಗಳ ಆಡುವುದಿಲ್ಲ, ಕೆಲಸ ಮಾಡುತ್ತೇನೆ. ಅದು ನಮ್ಮ ಮನೆಯವರ ರೋಗ. ಚಪ್ಪಲಿ ಮರಳಿಗೆ ಎಸೆದು, ಕೂಗಿದವನ ಹಿಂದೆಯೇ ನಿಂತು ಹಗ್ಗ ಹಿಡಿದೆ.

ಅವನು ಕುತ್ತಿಗೆ ತಿರುಗಿಸಿ ನೋಡಿದ. ಎಡ ಹುಬ್ಬಿನ ನಡುವೆ ಒಂದು ಹಳೆಯ ಗಾಯದ ಗೆರೆ. ಆ ಹುಬ್ಬು ನಗುವಾಗ ಮೇಲೆ ಹೋಗುತ್ತಿತ್ತು, ಇನ್ನೊಂದು ಸುಮ್ಮನೆ ಇರುತ್ತಿತ್ತು.

"ಗದ್ದೆ ಕಡೆಯವ್ಳನಾ?"

"ಹ್ಯಾಂಗೆ ಗೊತ್ತಾಯ್ತು?"

"ನೆಟ್ಟಿ ಮಾಡೂ ಹಾಗೆ ಬಗ್ಗಿದ್ದಿ. ಹಗ್ಗಕ್ಕೆ ಹಿಂದೆ ವಾಲ್ಬೇಕು."

"ನೀ ಮುಂದೆ ನೋಡಿ ಎಳಿ."

ಅವನು ಮುಂದೆ ನೋಡಿ ಎಳೆದ. ಆದರೆ ನಾಲ್ಕು ಸಲ ಹಿಂದೆ ನೋಡಿದ. ನಾನು ಲೆಕ್ಕ ಇಟ್ಟಿದ್ದೆ, ಯಾಕೆ ಸುಳ್ಳು ಹೇಳಲಿ.

ಬಲೆ ದಡಕ್ಕೆ ಬಂತು. ಮೀನು ಪಾಲು ಹಾಕುವಾಗ ಅವನು ಆರು ಬಂಗಡೆ ತಂದು ನನ್ನ ಮುಂದೆ ಹಿಡಿದ.

"ನಂಗೆ ಬೇಡ. ನಾ ಸುಮ್ನೆ..."

"ಬೇಡ ಅನ್ನೂಕೆ ಬರೂದಿಲ್ಲ. ಹಗ್ಗಕ್ಕೆ ಕೈ ಹಚ್ಚಿದವ್ರಿಗೆ ಪಾಲು ಕೊಡ್ಲೇಬೇಕು. ಕಲೆಕ್ಟರ್ ಮುಟ್ಟಿದ್ರೂ ಕೊಡ್ಬೇಕು, ನೀ ಮುಟ್ಟಿದ್ರೂ ಕೊಡ್ಬೇಕು. ವೈರಿ ಮುಟ್ಟಿದ್ರೂ ಅಷ್ಟೇ."

ಊಟದ ಡಬ್ಬಿಯಲ್ಲಿದ್ದ ಅವಲಕ್ಕಿಯನ್ನು ಅಲ್ಲೇ ನಿಂತು ತಿಂದು ಮುಗಿಸಿ, ಅದರೊಳಗೆ ಮೀನು ತುಂಬಿಕೊಂಡೆ. ಅವನು ಹೊಟ್ಟೆ ಹಿಡಿದು ನಕ್ಕ. ಅವತ್ತು ಅಂಗಡಿಗೆ ಬಂದ ಗಿರಾಕಿಗಳೆಲ್ಲ ಅಕ್ಷರ ಓದುತ್ತ ಮೂಗು ಮುಚ್ಚಿಕೊಂಡರು.

ಸಂಜೆ ಅವನೇ ಅಂಗಡಿಗೆ ಬಂದ, ಕಂಕುಳಲ್ಲಿ ಚೆಂಡು ಇಟ್ಟುಕೊಂಡು. "ಮಂಗೇಶಣ್ಣ, ಮೀನಿನ ವಾಸ್ನಿ ಎಲ್ಲಿಂದ ಬರ್ತದೆ?" ಎಂದು ನನ್ನನ್ನೇ ನೋಡುತ್ತ ಕೇಳಿದ. ಹೆಸರು ಸಂಕೇತ. ತಾಯಿ ಕಾಶಿಬಾಯಿ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಾರೆ. ಬೆಳಿಗ್ಗೆ ಹಗ್ಗ, ಸಂಜೆ ರಗ್ಬಿ.

ಆಮೇಲೆ ನಾನು ರಗ್ಬಿ ಕಲಿತೆ. ಪ್ರೀತಿಯಲ್ಲಿ ಬಿದ್ದ ಹುಡುಗಿಯರು ಕವಿತೆ ಓದುತ್ತಾರಂತೆ, ನಾನು ನಿಯಮದ ಪುಸ್ತಕ ಓದಿದೆ. ಸೆವೆನ್ಸ್ ಆಟದಲ್ಲಿ ಏಳೇಳು ಜನ, ಏಳೇಳು ನಿಮಿಷದ ಎರಡು ಅರ್ಧ, ಓಡುವವನನ್ನು ಹಿಡಿದು ಕೆಡವಿದರೆ ಟ್ಯಾಕಲ್, ಗೆರೆ ದಾಟಿ ಚೆಂಡು ನೆಲಕ್ಕೆ ಮುಟ್ಟಿಸಿದರೆ ಟ್ರೈ, ಅದಕ್ಕೆ ಐದು ಪಾಯಿಂಟ್. ಆರು ತಿಂಗಳಲ್ಲಿ ಮಂಗೇಶಣ್ಣನಿಗೇ ತಪ್ಪು ತೋರಿಸುವಷ್ಟಾದೆ. ಟೀಮ್ ಆರಿಸುವ ಜಗಳ ನನ್ನನ್ನು ಬಿಟ್ಟು ನಡೆಯುತ್ತಿರಲಿಲ್ಲ.

"ನೀ ಸೆಲೆಕ್ಟರ್ ಆದ್ರೆ ನನ್ನ ತಗಳ್ತ್ಯಾ?" ಒಂದು ದಿನ ಅವನು ಕೌಂಟರಿಗೆ ಮೊಣಕೈ ಊರಿ ಕೇಳಿದ.

"ಆಟ ನೋಡಿ ಹೇಳ್ತೆ."

"ಮುಖ ನೋಡಿ ಹೇಳು."

"ಮುಖ ನೋಡಿದ್ರೆ ಎಕ್ಸ್‌ಟ್ರಾದಲ್ಲೂ ಇಡೂದಿಲ್ಲ."

ಹುಬ್ಬು ಮೇಲೆ ಹೋಯಿತು. "ಮತ್ತೆ ದಿನಾ ಅದೇ ಮುಖ ನೋಡ್ತೆ ಕೂತಿರ್ತ್ಯಲ್ಲೆ?"

ನಾನು ಅವನ ಮೂಗಿಗೆ ಒಂದು ದಪ್ಪ ಗಾಜಿನ ಕನ್ನಡಕ ಸಿಕ್ಕಿಸಿ ಆಚೆ ಕಳಿಸಿದೆ. ಅವನು ಅದನ್ನು ಹಾಕಿಕೊಂಡೇ ಬಾಗಿಲಿಗೆ ಢಿಕ್ಕಿ ಹೊಡೆದು ಹೋದ. ಎಷ್ಟು ಸುಖವಾಗಿದ್ದೆ ಆಗ.

ಮದುವೆಯ ಮಾತು ನಾನೇ ಎತ್ತಿದೆ. ನಮ್ಮಪ್ಪ ಬೀರಾ ಹಟಮಾರಿ ಮನುಷ್ಯ. ಬಲೆ ಎಳೆಯುವವನಿಗೆ, ಅದೂ ಚೆಂಡಿನ ಹಿಂದೆ ಓಡುವವನಿಗೆ, ಮಗಳನ್ನು ಕೊಡುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದ.

"ಬಾ, ನಾವಿಬ್ರೂ ಸೇರಿ ಕೇಳ್ವ" ಎಂದೆ.

"ಬರಿಗೈಲಿ ಬರೂದಿಲ್ಲ ನಾ. ಇಂಡಿಯಾ ಜರ್ಸಿ ಹಾಕ್ಕಂಡೇ ಶೆಟಗೇರಿಗೆ ಬರ್ತೆ. ನಿನ್ನಪ್ಪ ಆಗ ಇಲ್ಲ ಅನ್ಲಿ, ನೋಡ್ವ."

ಆ ಜರ್ಸಿ ಅವನದಷ್ಟೇ ಅಲ್ಲ, ನನ್ನದೂ ಆಗಿತ್ತು. ಇದನ್ನು ನೆನಪಿಡಿ.

ಈ ವರ್ಷ ಫೆಬ್ರವರಿಯಲ್ಲಿ ಒಂದು ಟೂರ್ನಮೆಂಟಿನಲ್ಲಿ ಎದುರಾಳಿಯ ಮೊಣಕಾಲು ಅವನ ತಲೆಗೆ ಬಡಿಯಿತು. ಎದ್ದು ಆಡಿದ. ಎರಡು ಟ್ರೈ ಹೊಡೆದ. ಆ ಆಟ ನೋಡಿಯೇ ಕೋಲ್ಕತ್ತಾದ ರಾಷ್ಟ್ರೀಯ ಕ್ಯಾಂಪಿನಿಂದ ಕರೆ ಬಂತು. ಶ್ರೀಲಂಕಾ ಜೊತೆ ಪಂದ್ಯ, ಗೆದ್ದರೆ ಮೇಲಿನ ಡಿವಿಜನ್. ಮಂಗೇಶಣ್ಣ ಅಂಗಡಿಗೆ ಬಂದವರಿಗೆಲ್ಲ ಪೇಡೆ ಹಂಚಿದ.

ಮರುವಾರ ಬೆಳಿಗ್ಗೆ ನಾವಿಬ್ಬರೂ ಹಗ್ಗದಲ್ಲಿದ್ದೆವು, ಅವನು ಮುಂದೆ, ನಾನು ಹಿಂದೆ. ಎಳೆಯುವವರು ನಡುವೆ ಹಗ್ಗ ಬಿಡುವುದಿಲ್ಲ. ಬಿಟ್ಟರೆ ಹಿಂದಿದ್ದವರ ಅಂಗೈ ಸುಲಿಯುತ್ತದೆ. ಸಂಕೇತ ಬಿಟ್ಟುಬಿಟ್ಟ. ಸುಮ್ಮನೆ ಕೈ ತೆರೆದು ಮರಳಿನ ಮೇಲೆ ಕೂತ. ಹಗ್ಗ ನನ್ನ ಕೈಯೊಳಗೆ ಸರ್ರನೆ ಓಡಿತು. ಹಲ್ಲು ಕಚ್ಚಿ ಹಿಡಿದುಕೊಂಡೆ. ಅವನ ಜಾಗದ ಭಾರವನ್ನೂ ನಾನೇ ಎಳೆದೆ.

"ಶೆಟಗೇರಿ ಹುಡುಗಿ ಹಿಂದಿದ್ರೆ ಕೈ ಜಾರದೆ ಇರ್ತದನಾ ರೆ!" ಎಂದು ಎಲ್ಲರೂ ನಕ್ಕರು.

ನಾನು ನಗಲಿಲ್ಲ. ಎಲ್ಲೂ ನೆಲೆ ನಿಲ್ಲದ ಅವನ ಕಣ್ಣು ನನಗೆ ಕಾಣುತ್ತಿತ್ತು. ಕಣ್ಣು ನೋಡುವುದೇ ನನ್ನ ಕೆಲಸ.

ಮಧ್ಯಾಹ್ನ ಅಂಗಡಿಗೆ ಕರೆದು ಕುರ್ಚಿಯಲ್ಲಿ ಕೂರಿಸಿದೆ. ಮೂರನೇ ಸಾಲು ಓದು ಎಂದೆ.

"ಎರಡೆರಡು ಕಾಣ್ತದೆ."

ಗಾಜು ಬದಲಿಸಿದೆ. ಮತ್ತೆ ಬದಲಿಸಿದೆ. ಒಂದೊಂದೇ ಕಣ್ಣು ಮುಚ್ಚಿಸಿದರೆ ಸರಿಯಾಗಿ ಓದುತ್ತಿದ್ದ. ಎರಡೂ ತೆರೆದರೆ ಎರಡೆರಡು. ಕಣ್ಣಿನಲ್ಲಿ ದೋಷವೇನೂ ಇರಲಿಲ್ಲ.

"ಇದು ಕಣ್ಣಿಂದಲ್ಲ ಸಂಕೇತ. ತಲೆದು. ಡಾಕ್ಟರ್ ಹತ್ರ ಹೋಗ್ವ."

"ಪಂದ್ಯ ಮುಗೀಲಿ."

"ಇನ್ನೊಂದು ಪೆಟ್ಟು ಬಿದ್ರೆ?"

"ಬೀಳೂದಿಲ್ಲ." ನನ್ನ ಕೈ ಹಿಡಿದುಕೊಂಡ. ಸುಲಿದ ಅಂಗೈ ನೋಡಿ ಮುಖ ಸಣ್ಣ ಮಾಡಿದ, ಬಾಯಿಂದ ಊದಿದ. ಆಮೇಲೆ ಅದೇ ಅಂಗೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡ. "ಯಾರಿಗೂ ಹೇಳೂದಿಲ್ಲ ಅಂತ ಆಣೆ ಮಾಡು. ನನ್ನ ತಲೆ ಮೇಲೆ."

ಅವನ ಕೂದಲಲ್ಲಿ ಉಪ್ಪು ಇತ್ತು. ನಾನು ಆಣೆ ಮಾಡಿದೆ. ಅವನು ಅಷ್ಟು ಹತ್ತಿರ ಕೂತು ಕೇಳಿದರೆ ಇಲ್ಲ ಎನ್ನುವ ಶಕ್ತಿ ನನಗೆ ಇರಲಿಲ್ಲ.

ಕಾಶಿಬಾಯಿ, ಮಗನಿಗೆ ಯಾರದೋ ದೃಷ್ಟಿ ತಾಗಿದೆ ಎಂದು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ಅವನು ಕೋಲ್ಕತ್ತಾಕ್ಕೆ ಹೋದ.

ದಿನಾ ಫೋನ್ ಮಾಡುತ್ತಿದ್ದ. ಹತ್ತನೇ ದಿನ, "ಊಟ ಆಯ್ತಾ?" ಎಂದು ಕೇಳಿದ. ಆಯ್ತು ಎಂದೆ. ಎರಡು ಮಾತಾಡಿ ಮತ್ತೆ "ಊಟ ಆಯ್ತಾ?" ಎಂದ. ಸ್ವಲ್ಪ ಹೊತ್ತಿಗೆ ಮೂರನೇ ಸಲ. ಆಮೇಲೆ, "ಇವತ್ತು ಪ್ರಾಕ್ಟೀಸಲ್ಲಿ ಮತ್ತೆ ತಾಗ್ತು. ಸ್ವಲ್ಪ ವಾಂತಿ ಆಯ್ತು, ಅಷ್ಟೇ" ಎಂದು ನಕ್ಕ.

ನಿಯಮದ ಪುಸ್ತಕ ಓದಿದವಳಲ್ಲವೆ ನಾನು. ತಲೆಗೆ ಪೆಟ್ಟಾದವನನ್ನು ಆಡಿಸಬಾರದು ಎಂದು ಯಾಕೆ ಬರೆದಿದ್ದಾರೆಂದು ನನಗೆ ಗೊತ್ತಿತ್ತು. ಅವತ್ತು ನಿದ್ದೆ ಬರಲಿಲ್ಲ. ಬೆಳಗಾದ ಕೂಡಲೇ ಬೀಚಿಗೆ ಹೋಗಿ, ಒಬ್ಬರೇ ನಡೆಯುತ್ತಿದ್ದ ಕಿಶನ ಸರ್ ಮುಂದೆ ನಿಂತು ಎಲ್ಲ ಹೇಳಿದೆ. ಹೇಳುವಾಗ ಅಳು ಬಂತು.

"ಸರ್, ಒಂದು ತಿಂಗಳು ಕೂರಿಸ್ತಾರೆ ಅಷ್ಟೇ ಅಲ್ಲ? ಆಮೇಲೆ ತಗಳ್ತಾರಲ್ಲ?"

"ನಿನ್ನ ಹೆಸರು ಎಲ್ಲಿಯೂ ಬರೂದಿಲ್ಲ ಮಗಾ" ಎಂದು ಅವರು ಫೋನ್ ತೆಗೆದರು.

ಹಗ್ಗ ಎಳೆಯುವವನಿಗೆ ಸುಸ್ತಾದರೆ ಒಂದು ದಿನ ಮರಳಿನ ಮೇಲೆ ಕೂರಿಸುತ್ತಾರೆ, ಮರುದಿನ ಅವನ ಜಾಗ ಅವನಿಗೇ. ಬೀಚಿನಲ್ಲಿ ಕಂಡದ್ದನ್ನೇ ನಾನು ಕೋಲ್ಕತ್ತಾಕ್ಕೂ ಲೆಕ್ಕ ಹಾಕಿದ್ದೆ. ಅಲ್ಲಿ ಹಾಗಿರಲಿಲ್ಲ. ಸ್ಕ್ಯಾನ್ ಮಾಡಿದರು. ತಲೆಯೊಳಗೆ ರಕ್ತ ಕಟ್ಟಿತ್ತು. ಇನ್ನೊಂದು ಪೆಟ್ಟು ಬಿದ್ದಿದ್ದರೆ ಹುಡುಗ ಏಳುತ್ತಿರಲಿಲ್ಲ ಎಂದರು ಡಾಕ್ಟರು. ಈ ಪಂದ್ಯಕ್ಕೆ ಇಲ್ಲ, ಮುಂದಿನದಕ್ಕೂ ಇಲ್ಲ, ಇನ್ನು ಜನ್ಮದಲ್ಲಿ ಟ್ಯಾಕಲ್ ಇಲ್ಲ ಎಂದು ಬರೆದುಕೊಟ್ಟರು.

ಊರಿಗೆ ಬಂದ ಸಂಕೇತ ಕ್ಯಾಪು ಹಾಕಿಕೊಂಡು ಮನೆಯೊಳಗೇ ಇದ್ದ. ಫೋನ್ ಮಾಡಿದರೆ "ಸಾಕು ರೂಪಾ, ಆಮೇಲೆ ಮಾತಾಡ್ವ" ಎನ್ನುತ್ತಿದ್ದ. ಕ್ಯಾಂಪಿಗೆ ಫೋನ್ ಹೋದದ್ದು ಕಿಶನ ಸರ್ ನಂಬರಿನಿಂದ ಎಂದು ಅವನಿಗೆ ತಿಳಿದಿತ್ತು. ಗುರು ಎಂದು ಕಾಲಿಗೆ ಬೀಳುತ್ತಿದ್ದ ಮನುಷ್ಯನ ಮನೆ ಮುಂದೆ ಹೋಗಿ ಕೂಗಾಡಿ ಬಂದಿದ್ದ. ಸರ್ ಎಲ್ಲವನ್ನೂ ಕೇಳಿಕೊಂಡು ಸುಮ್ಮನೆ ನಿಂತಿದ್ದರಂತೆ. ಸತ್ಯ ಹೇಳಿದರೆ ಸಂಕೇತ ನನ್ನವನಾಗಿ ಉಳಿಯುವುದಿಲ್ಲ, ಹೇಳದಿದ್ದರೆ ನನ್ನಿಂದಾಗಿ ಒಬ್ಬ ಒಳ್ಳೆಯ ಮನುಷ್ಯ ಊರಿನ ಬೈಗುಳ ತಿನ್ನುತ್ತಾನೆ.

ಭಾನುವಾರ ಬಂತು. ಸಂಜೆ ನಾಲ್ಕಕ್ಕೆ ಪಂದ್ಯ. ಮಂಗೇಶಣ್ಣ ಅಂಗಡಿಯ ಟಿವಿಗೆ ಹೂ ಹಾಕಿದ್ದ. ನಾವೆಲ್ಲ ಕೂತ ಮೇಲೆ ಬಾಗಿಲಲ್ಲಿ ಸಂಕೇತ ಕಾಣಿಸಿಕೊಂಡ. ಎಲ್ಲರೂ ಜಾಗ ಬಿಟ್ಟರು. ಅವನು ಬೆಂಚಿನ ತುದಿಯಲ್ಲಿ ಕೂತ, ನನ್ನ ಕಡೆ ನೋಡಿ ಸಣ್ಣಗೆ ನಕ್ಕ. ಆ ನಗುವಿಗೆ ಹುಬ್ಬು ಮೇಲೆ ಹೋಗಲಿಲ್ಲ.

ನಮ್ಮವರು ಚೆನ್ನಾಗಿ ಆಡಿದರು. ಕೊನೆಯ ನಿಮಿಷಕ್ಕೆ ಹದಿನಾಲ್ಕು, ಹನ್ನೆರಡು. ನಾವು ಮುಂದೆ. ಆಗ ಶ್ರೀಲಂಕಾದ ಒಬ್ಬ ಚೆಂಡು ಹಿಡಿದು ಗೆರೆಯ ಕಡೆ ಓಡಿದ. ಎದುರಿಗೆ ಆ ಹೊಸ ಹುಡುಗ. ಎತ್ತರದಲ್ಲಿ ಹಿಡಿಯಲು ಹೋಗಿ ಜಾರಿದ. ಅಂಗಡಿಯಲ್ಲಿ ನನಗೆ ಒಂದೇ ಸದ್ದು ಕೇಳಿಸಿತು: ಸಂಕೇತನ ಎರಡು ಕೈಗಳೂ ತಾವಾಗಿ ಮುಂದೆ ಚಾಚಿ, ಏನೂ ಸಿಗದೆ, ತೊಡೆಗೆ ಬಡಿದವು. ಹದಿನಾಲ್ಕು, ಹದಿನೇಳು. ಸೋತೆವು.

"ಸಂಕೇತ ಇದ್ದಿದ್ರೆ ಅವ್ನ ಕಾಲು ಮುರಿದು ಕೂರಿಸ್ತಿದ್ದ" ಎಂದ ಹರೀಶ. "ಆ ಕಿಶನ ಸರ್ ಇನ್ನು ಬೀಚಿಗೆ ಬರ್ಲಿ, ನೋಡ್ಕಂತೆ."

"ಅವ್ರ ಹೆಸ್ರು ಎತ್ಬೇಡಿ ನನ್ನ ಮುಂದೆ" ಎಂದ ಸಂಕೇತ. "ನನ್ನ ಪಾಲಿಗೆ ಆ ಮನ್ಷ ಸತ್ತ."

"ಹೇಳಿದ್ದು ಅವ್ರಲ್ಲ" ಎಂದೆ. "ನಾನು."

ಅವನು ಮೊದಲು ತಮಾಷೆ ಎಂದುಕೊಂಡ. ಆಮೇಲೆ ನನ್ನ ಮುಖ ನೋಡಿದ. ನೋಡುತ್ತಲೇ ಇದ್ದ.

"ತಲೆ ಮೇಲೆ ಕೈ ಇಟ್ಟಿದ್ದೆ ನೀನು."

"ಇಟ್ಟಿದ್ದೆ. ಆ ತಲೆ ನಂಗೆ ಬೇಕಾಗಿತ್ತು."

"ಆಟ ಬೇಡಾಗಿತ್ತಾ?"

"ಅದೂ ಬೇಕಾಗಿತ್ತು, ದೇವರಾಣೆ. ಒಂದು ತಿಂಗಳು ಕೂರಿಸ್ತಾರೆ ಅಂದ್ಕಂಡಿದ್ದೆ. ಇಷ್ಟಾಗ್ತದೆ ಅಂತ ಗೊತ್ತಿರ್ಲಿಲ್ಲ." ಎದ್ದು ಅವನ ಮುಂದೆ ನಿಂತೆ. "ಗೊತ್ತಿದ್ರೂ ಹೇಳ್ತಿದ್ದೆ ಸಂಕೇತ. ಅದಕ್ಕೆ ಕ್ಷಮಿಸು ಅನ್ನೂದಿಲ್ಲ. ಸರ್‌ಗೆ ಬೈಬೇಡ, ಅಷ್ಟೇ."

ಅವನು ಎದ್ದು ಹೋದ. ಹರೀಶ ಬೆಂಚು ಬಿಟ್ಟು ಎದ್ದು ಅವನ ಹಿಂದೆ ಹೋಗಿ ಆಟೋ ಹತ್ತಿಸಿಕೊಂಡ. ಮನೆಗಲ್ಲ, ಕಿಶನ ಸರ್ ಮನೆಗೆ ಹೋದರು ಎಂದು ಆಮೇಲೆ ತಿಳಿಯಿತು. ಸಂಕೇತ ಅವರ ಮೆಟ್ಟಿಲ ಮೇಲೆ ಕೂತು ಚಿಕ್ಕ ಮಕ್ಕಳ ಹಾಗೆ ಅತ್ತನಂತೆ.

ಮಂಗೇಶಣ್ಣ ಟಿವಿ ಆರಿಸಿ, ಗಾಜಿನ ಮೇಲಿನ ಏಳು ಡಬ್ಬಿಗಳನ್ನು ಒಂದೊಂದಾಗಿ ಒಳಗೆ ಇಟ್ಟ. "ಮುಖ ತೊಳ್ಕಾ ಹೋಗು ತಂಗಿ" ಎಂದ.

ಎಂಟು ದಿನ ಸಂಕೇತನ ಸುದ್ದಿ ಇರಲಿಲ್ಲ. ಒಂಬತ್ತನೇ ದಿನ ನಾನು ಬೇಗದ ಬಸ್ಸು ಹಿಡಿದೆ. ಬೀಚಿನಲ್ಲಿ ಹಗ್ಗ ಎಳೆಯುತ್ತಿದ್ದರು. ಸಂಕೇತ ಹಗ್ಗದಲ್ಲಿ ಇರಲಿಲ್ಲ. ಭಾರ ಎಳೆಯಬಾರದು ಎಂದು ಡಾಕ್ಟರು ಹೇಳಿದ್ದರು. ಬುಟ್ಟಿಗಳ ಹತ್ತಿರ ನಿಂತಿದ್ದ. ನನ್ನನ್ನು ನೋಡಿದ. ಕೈ ಹಚ್ಚು ಎನ್ನಲಿಲ್ಲ, ದಾರಿ ಬಿಡು ಎಂದೂ ಅನ್ನಲಿಲ್ಲ.

ನಾನು ಚಪ್ಪಲಿ ಬಿಟ್ಟು, ಅವನ ಹಳೆಯ ಜಾಗದಲ್ಲಿ ನಿಂತು ಹಗ್ಗ ಹಿಡಿದೆ. ಹಿಂದೆ ವಾಲಿ ಎಳೆದೆ. ಪಕ್ಕದಲ್ಲಿ ಹಗ್ಗ ಸುರುಳಿ ಸುತ್ತುತ್ತಿದ್ದ ಕಾಶಿಬಾಯಿ ನನ್ನ ಬೆನ್ನ ಮೇಲೆ ಒಮ್ಮೆ ಕೈ ಇಟ್ಟರು. "ಮಗ ಕಣ್ಣೆದುರು ಇದ್ದಾನೆ ಗೋ, ನನಗೆ ಅಷ್ಟೇ ಸಾಕು" ಎಂದರು. ಆ ಮಾತಿಗೆ ನನಗೆ ಹಗ್ಗ ಕಾಣದಷ್ಟು ಕಣ್ಣು ತುಂಬಿತು.

ಪಾಲು ಹಾಕುವವನು ಅವತ್ತು ಅವನೇ. ಒಬ್ಬೊಬ್ಬರಿಗೇ ಕೊಡುತ್ತ ನನ್ನ ಹತ್ತಿರ ಬಂದ. ವೈರಿ ಮುಟ್ಟಿದರೂ ಕೊಡಬೇಕು ಎಂದು ಹೇಳಿದವನಲ್ಲವೆ, ನನ್ನನ್ನು ದಾಟಿ ಹೋಗುವ ಹಾಗಿರಲಿಲ್ಲ.

"ನಾಳೆ ರತ್ನಾಗಿರಿಗೆ ಹೋಗ್ತೆ" ಎಂದ. "ಮಾವಂದು ಐಸ್ ಪ್ಲಾಂಟ್ ಅದೆ ಅಲ್ಲಿ."

"ನನ್ನ ಮೇಲಿನ ಸಿಟ್ಟಿಗನಾ?"

"ಸಿಟ್ಟಿದ್ದಿದ್ರೆ ಇಲ್ಲೇ ಇದ್ದು ಜಗಳ ಮಾಡ್ತಿದ್ದೆ." ಕಾಲಿನಿಂದ ಮರಳು ಕೆದರಿದ. "ನೀ ಮಾಡಿದ್ದು ಸರಿ ಅಂತ ನಂಗೆ ಗೊತ್ತು ರೂಪಾ. ಆದ್ರೆ ನಿನ್ನ ನೋಡಿದ ಕೂಡ್ಲೇ ಆ ಜರ್ಸಿ ಕಾಣ್ತದೆ. ಹ್ಯಾಂಗೆ ನೋಡಿದ್ರೂ ಅದೇ ಮುಂದೆ ಬರ್ತದೆ."

"ಜರ್ಸಿ ಇಲ್ದೇ ಬಾ ಶೆಟಗೇರಿಗೆ. ಅಪ್ಪನ ಹತ್ರ ನಾ ಮಾತಾಡ್ತೆ."

ಅವನು ತಲೆ ಅಲ್ಲಾಡಿಸಿದ.

"ನಾ ಕಾಯ್ಲನಾ?"

"ಕಾಯ್ಬೇಡ" ಎಂದ. ಅಷ್ಟು ಮೆತ್ತಗೆ ಅವನು ಎಂದೂ ಮಾತಾಡಿರಲಿಲ್ಲ.

ನಾನು ಡಬ್ಬಿ ತೆರೆದು ಹಿಡಿದೆ. ಅವನು ಆರು ಬಂಗಡೆ ಹಾಕಿದ. ಬುಟ್ಟಿಗೆ ಬಗ್ಗಿ, ಮತ್ತೆ ಆರು ತಂದ. ಡಬ್ಬಿಯಲ್ಲಿ ಹಿಡಿಸಲಿಲ್ಲ. ನನ್ನ ಅಂಗೈ ಬಿಡಿಸಿ, ಹಗ್ಗ ಸುಲಿದ ಆ ಹಳೆಯ ಗುರುತಿನ ಮೇಲೆ ಇಟ್ಟ.

"ಇದು ಜಾಸ್ತಿ ಆಯ್ತು."

"ಆಗ್ಲಿಲ್ಲ. ಅವತ್ತು ನಾ ಬಿಟ್ಟ ಹಗ್ಗನೂ ನೀ ಹಿಡ್ದಿದ್ಯಲ್ಲೆ. ಆ ಪಾಲು ಕೊಡೂದು ಉಳ್ದಿತ್ತು."

ಹಾಗೆಂದು ಮುಂದಿನವರ ಕಡೆ ಹೋದ. ಈ ಸಲ ಒಂದು ಸಲವೂ ಹಿಂದೆ ನೋಡಲಿಲ್ಲ. ನಾನು ಕೊನೆಯ ತನಕ ನೋಡುತ್ತಿದ್ದೆ, ಅದಕ್ಕೇ ಗೊತ್ತು.

ಅವತ್ತು ಅಂಗಡಿಗೆ ಹೋಗಲಿಲ್ಲ. ಹನ್ನೆರಡು ಮೀನು ಹಿಡಿದುಕೊಂಡು ಅಂಕೋಲಾ ಬಸ್ಸು ಹತ್ತಿದೆ. ಮನೆಯಲ್ಲಿ ಅಬ್ಬೆ ಮೀನು ತೊಳೆಯಲು ಕೂತು, ಇಷ್ಟೊಂದು ಯಾಕೆ ತಂದೆಯೇ, ತಿನ್ನುವವರು ಯಾರು ಎಂದು ಕೇಳಿದಳು.

ಇಬ್ಬರ ಪಾಲು ಅಬ್ಬೆ, ಎಂದೆ.